ಮಧ್ಯಾಹ್ನ 3 ಗಂಟೆ 32 ನಿಮಿಷಕ್ಕೆ ಸತ್ತದ್ದು ಯಾವುದು?

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಪ್ರೂಯಿಟ್-ಐಗೋ ಎಂಬ ಸರ್ಕಾರಿ ವಸತಿ ಸಮುಚ್ಚಯವಿತ್ತು. ಹನ್ನೊಂದು ಅಂತಸ್ತಿನ 33 ಕಟ್ಟಡಗಳು, 2,870 ಮನೆಗಳು. ಅಲ್ಲಿನ ಲಿಫ್ಟ್ ಎಲ್ಲ ಕಡೆ ನಿಲ್ಲುತ್ತಿರಲಿಲ್ಲ. ನೆಲಮಟ್ಟವನ್ನು ಒಂದು ಎಂದು ಎಣಿಸಿದರೆ, ಮೇಲೆ ಹೋಗುವಾಗ ನಾಲ್ಕು, ಏಳು ಮತ್ತು ಹತ್ತನೇ ಅಂತಸ್ತುಗಳಲ್ಲಿ ಮಾತ್ರ ನಿಲ್ಲುತ್ತಿತ್ತು. ಆರರಲ್ಲಿ ಮನೆಯಿರುವ ತಾಯಿ, ಒಂದು ಕೈಯಲ್ಲಿ ದಿನಸಿ ಚೀಲ ಹಿಡಿದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಏಳರಲ್ಲಿ ಹೊರಬಂದು ಮತ್ತೆ ಮೆಟ್ಟಿಲಿಳಿಯಬೇಕಿತ್ತು. ಖರ್ಚು ಉಳಿಸಲು ಹಾಕಿದ್ದ ಬಾಗಿಲ ಹಿಡಿಗಳೂ ಬೀಗಗಳೂ ಮೊದಲ ಬಳಕೆಗೇ ಕಿತ್ತುಬಂದವು. ಆಧುನಿಕ ಯುಗದ ದೊಡ್ಡ ನಂಬಿಕೆಗಳನ್ನು ಶಂಕಿಸುವ ಆಧುನಿಕೋತ್ತರವಾದದ ಬಗ್ಗೆ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಲಿಫ್ಟ್ ಮತ್ತು ಈ ಬೀಗ. ಪ್ಯಾರಿಸ್ಸಿನ ಚಿಂತಕರು ನೆನಪಾಗುವುದು ಆಮೇಲೆ.

1950ರ ದಶಕದ ಮಧ್ಯದಲ್ಲಿ ಕಟ್ಟಿದ ಈ ಸಮುಚ್ಚಯವನ್ನು ಸಿಡಿಮದ್ದು ಇಟ್ಟು ಉರುಳಿಸುವ ಕೆಲಸ 1972ರಲ್ಲಿ ಶುರುವಾಯಿತು. ವಾಸ್ತುವಿಮರ್ಶಕ ಚಾರ್ಲ್ಸ್ ಜೆಂಕ್ಸ್ 1977ರಲ್ಲಿ ಆ ಘಟನೆಗೆ ಒಂದು ಮರಣಪತ್ರವನ್ನೇ ಬರೆದರು: ಆಧುನಿಕ ವಾಸ್ತುಶಿಲ್ಪವು 1972ರ ಜುಲೈ 15ರಂದು, ಮಧ್ಯಾಹ್ನ 3 ಗಂಟೆ 32 ನಿಮಿಷದ ಹೊತ್ತಿಗೆ, ಸೇಂಟ್ ಲೂಯಿಸ್‌ನಲ್ಲಿ ಸತ್ತಿತು ಎಂದು. ಮೇಲೆ ಕುಳಿತವರು ನಕ್ಷೆ ಬರೆಯುತ್ತಾರೆ, ಕೆಳಗಿರುವವರು ಅದರೊಳಗೆ ಬದುಕುತ್ತಾರೆ, ವಿವೇಕವೆಲ್ಲ ನಕ್ಷೆ ಬರೆದವರದ್ದೇ ಎಂಬ ನಂಬಿಕೆಯ ಮುಖಕ್ಕೆ ಆ ಮಾತು ಹೊಡೆದ ಹಾಗಿತ್ತು. ಎರಡೇ ವರ್ಷದಲ್ಲಿ, 1979ರಲ್ಲಿ, ಫ್ರೆಂಚ್ ತತ್ವಜ್ಞಾನಿ ಜಾನ್ ಫ್ರಾನ್ಸ್ವಾ ಲ್ಯೋತಾರ್ 'ಆಧುನಿಕೋತ್ತರ ಸ್ಥಿತಿ' ಎಂಬ ಕೃತಿಯಲ್ಲಿ ಅದೇ ಅವಿಶ್ವಾಸವನ್ನು ತತ್ವದ ಮಾತಿನಲ್ಲಿ ಹೇಳಿದರು. ಪ್ರಗತಿ, ವಿಮೋಚನೆ, ಸಾರ್ವತ್ರಿಕ ಜ್ಞಾನ ಎಂಬ ಮಹಾಕಥನಗಳನ್ನು, ಅಂದರೆ ಎಲ್ಲವನ್ನೂ ಒಂದೇ ಎಳೆಯಲ್ಲಿ ವಿವರಿಸುವ ದೊಡ್ಡ ಕಥೆಗಳನ್ನು, ನಂಬಲಾಗದ ಸ್ಥಿತಿಯೇ ಆಧುನಿಕೋತ್ತರ ಸ್ಥಿತಿ ಎಂದರು.

ಆ ಕೃತಿ ಹುಟ್ಟಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿಶ್ವವಿದ್ಯಾಲಯಗಳ ಮಂಡಳಿಗೆ ಬರೆದುಕೊಟ್ಟ ವರದಿಯಾಗಿ ಎಂಬುದನ್ನು ನಾವು ಮರೆಯುತ್ತೇವೆ. ಕಂಪ್ಯೂಟರ್ ಯುಗದಲ್ಲಿ ಜ್ಞಾನವು ಮಾರುವುದಕ್ಕೆಂದೇ ತಯಾರಾಗುವ ಸರಕಾಗುತ್ತದೆ, ಅದರ ಮೇಲಿನ ಹಿಡಿತಕ್ಕಾಗಿ ರಾಷ್ಟ್ರಗಳೂ ಬೃಹತ್ ಕಂಪನಿಗಳೂ ಸೆಣಸುತ್ತವೆ ಎಂದು ಲ್ಯೋತಾರ್ ಅದರಲ್ಲಿ ಎಚ್ಚರಿಸಿದ್ದರು. ಕೊನೆಗೆ ಅವರು ಮುಂದಿಟ್ಟ ದಾರಿ ತೀರ ನೇರವಾದದ್ದು: ದತ್ತಾಂಶದ ಭಂಡಾರಗಳನ್ನು ಸಾರ್ವಜನಿಕರಿಗೆ ತೆರೆದಿಡಬೇಕು. ಆಧುನಿಕೋತ್ತರವಾದವೆಂದರೆ 'ಯಾವುದೂ ಸತ್ಯವಲ್ಲ' ಎಂಬ ಹೊಣೆಗೇಡಿ ಮಾತು ಎಂದು ತಳ್ಳಿಹಾಕುವವರು ಈ ಪುಟವನ್ನು ಓದಬೇಕೆಂದು ನನಗೆ ಬಹಳ ಅನ್ನಿಸುತ್ತದೆ.

ಇನ್ನೊಬ್ಬ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಅವರದೂ ಹಾಗೆಯೇ. ಆಧುನಿಕೋತ್ತರವಾದಿ ಎಂಬ ಹಣೆಪಟ್ಟಿಯನ್ನು ಅವರು ತಾವಾಗಿ ಅಂಟಿಸಿಕೊಂಡವರಲ್ಲ. ಆದರೆ 1971ರಲ್ಲಿ ಗೆಳೆಯರೊಡನೆ ಕಟ್ಟಿದ ಗುಂಪಿನ ಮೂಲಕ ಅವರು ಫ್ರಾನ್ಸಿನ ಕೈದಿಗಳಿಗೆ ಪ್ರಶ್ನಾವಳಿಗಳನ್ನು ಮುಟ್ಟಿಸಿದರು. ಊಟ, ಶಿಕ್ಷೆ, ಭೇಟಿಯ ಕೋಣೆ, ಕೂಲಿ, ಎಲ್ಲವುಗಳ ಬಗ್ಗೆ ಒಳಗಿದ್ದವರು ಹೇಳಿದ್ದನ್ನು ಪ್ರಕಟಿಸಿದರು. ಸುಧಾರಣೆಯ ಯೋಜನೆಯನ್ನು ಆ ಗುಂಪು ಮುಂದಿಡಲಿಲ್ಲ. ಜೈಲಿನ ಬಗ್ಗೆ ಮಾತಾಡುವ ಹಕ್ಕು ಯಾರದ್ದು ಎಂಬ ಪ್ರಶ್ನೆಯನ್ನು ಮಾತ್ರ ಇಟ್ಟಿತು, ಮತ್ತು ಅಧಿಕಾರಕ್ಕೆ ಅದಕ್ಕಿಂತ ಇರುಸುಮುರುಸಿನ ಪ್ರಶ್ನೆ ಇನ್ನೊಂದಿಲ್ಲ.

ಅದೇ ಪ್ರಶ್ನೆಯನ್ನು ಈಗ ಜೆಂಕ್ಸ್ ಬರೆದ ಮರಣಪತ್ರಕ್ಕೂ ಕೇಳೋಣ. ಪ್ರೂಯಿಟ್-ಐಗೋ ಕೆಟ್ಟದ್ದು ವಾಸ್ತುಶೈಲಿಯಿಂದಲೇ? ವಾಸ್ತುಶಿಲ್ಪಿ ಮಿನೋರು ಯಮಸಾಕಿ ಎತ್ತರದ ಕಟ್ಟಡಗಳ ಜೊತೆಗೆ ತಗ್ಗಿನ ಮನೆಗಳನ್ನೂ ಬೆರೆಸಿ ನಕ್ಷೆ ಕೊಟ್ಟಿದ್ದರು. ವೆಚ್ಚದ ಮಿತಿಯನ್ನು ಹಿಡಿದು, ಎಲ್ಲವೂ ಒಂದೇ ಸಮನಾಗಿ ಹನ್ನೊಂದು ಅಂತಸ್ತಿರಲಿ ಎಂದದ್ದು ಕೇಂದ್ರ ಸರ್ಕಾರದ ವಸತಿ ಇಲಾಖೆ. ಕಟ್ಟುವುದಕ್ಕೆ ಕೇಂದ್ರದ ಹಣವಿತ್ತು, ನಿರ್ವಹಣೆಯ ಖರ್ಚು ಮಾತ್ರ ಬಾಡಿಗೆಯಿಂದಲೇ ಹುಟ್ಟಬೇಕಿತ್ತು. ಬಿಳಿಯರು ಉಪನಗರಗಳಿಗೆ ಹೊರಟರು, ಕೆಲಸಗಳೂ ಅವರ ಹಿಂದೆ ಹೋದವು, ಉಳಿದವರು ಬಡ ಕಪ್ಪು ಕುಟುಂಬಗಳು. ಮನೆಗಳು ಖಾಲಿಯಾದಷ್ಟೂ ಬಾಡಿಗೆಯ ವರಮಾನ ಕುಸಿಯಿತು, ವರಮಾನ ಕುಸಿದಷ್ಟೂ ರಿಪೇರಿ ನಿಂತಿತು. ಲಿಫ್ಟ್ ಕೆಟ್ಟುನಿಂತದ್ದು, ಪೈಪು ಒಡೆದದ್ದು ಈ ಲೆಕ್ಕಾಚಾರದಿಂದ. 1991ರಲ್ಲಿ ಸಂಶೋಧಕಿ ಕ್ಯಾಥರೀನ್ ಬ್ರಿಸ್ಟಲ್ ಇದನ್ನು ವಿವರವಾಗಿ ಬರೆದು, 'ಆಧುನಿಕತೆ ಸತ್ತಿತು' ಎಂಬ ಕಥೆಯೇ ಒಂದು ಪುರಾಣವೆಂದೂ, ಹಣಕಾಸು, ಜನಾಂಗಭೇದ ಮತ್ತು ಸರ್ಕಾರಿ ನೀತಿಯ ಹೊಣೆಯನ್ನು ಅದು ಶೈಲಿಯ ತಲೆಗೆ ಕಟ್ಟಿತೆಂದೂ ತೋರಿಸಿದರು.

ಇದನ್ನು ಓದಿದಾಗ ನನಗೆ ಆಧುನಿಕೋತ್ತರವಾದದ ಮೇಲಿನ ಭರವಸೆ ಕಡಿಮೆಯಾಗಲಿಲ್ಲ, ಅದು ಎಲ್ಲಿ ದಾರಿ ತಪ್ಪಿತು ಎಂಬುದು ತಿಳಿಯಿತು. ಮಹಾಕಥನಗಳನ್ನು ಶಂಕಿಸುವ ಚಿಂತನೆ, ಮಹಾಕಥನಗಳು ಮುಗಿದವು ಎಂಬ ಇನ್ನೊಂದು ಮಹಾಕಥನವನ್ನು ತಾನೇ ಹೇಳತೊಡಗಿತು. ಅಷ್ಟರಲ್ಲಿ ಬಂಡವಾಳವೂ ಬದಲಾಗಿತ್ತು. ಎಲ್ಲರಿಗೂ ಒಂದೇ ಬಗೆಯ ಸರಕು ಎಂಬ ಕಾಲ ಹೋಗಿ, ಪ್ರತಿಯೊಬ್ಬರ ಭಿನ್ನತೆಯನ್ನೂ ಅಭಿರುಚಿಯನ್ನೂ ಬೇರೆಬೇರೆಯಾಗಿ ಮಾರುವ ಕಾಲ ಬಂದಿತ್ತು. ಅಮೆರಿಕದ ಮಾರ್ಕ್ಸ್‌ವಾದಿ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ 1984ರಲ್ಲಿ ಆಧುನಿಕೋತ್ತರತೆಯನ್ನು ಈ ತಡ ಬಂಡವಾಳಶಾಹಿಯ ಸಾಂಸ್ಕೃತಿಕ ತರ್ಕವೆಂದೇ ಕರೆದರು. ಶೈಲಿಯಾಗಿ ಉಳಿದ ಆಧುನಿಕೋತ್ತರತೆಯ ಬಗ್ಗೆ ಆ ಟೀಕೆ ಸರಿ ಎಂದು ನಾನು ಒಪ್ಪುತ್ತೇನೆ. ಆದರೆ 'ಈ ನಕ್ಷೆ ಯಾರದ್ದು, ಯಾರನ್ನು ಕೇಳಿ ಬರೆದದ್ದು, ಯಾರ ಹಣಕ್ಕೆ ಅನುಕೂಲ' ಎಂಬ ಪ್ರಶ್ನೆಯನ್ನು ಯಾವ ಮಾರುಕಟ್ಟೆಯೂ ಮಾರಿ ಲಾಭ ಮಾಡಲಾರದು. ಆಧುನಿಕೋತ್ತರವಾದದ ಸವಾಲು ಇನ್ನೂ ಜೀವಂತವಾಗಿರುವುದು ಆ ಪ್ರಶ್ನೆಯಲ್ಲಿ.

ಸೇಂಟ್ ಲೂಯಿಸ್‌ನ ಬಾಡಿಗೆದಾರರು ಅದನ್ನು ಯಾವ ತತ್ವಜ್ಞಾನಿಗೂ ಕಾಯದೆ ಕೇಳಿದ್ದರು. ಸಿಡಿಮದ್ದಿಗಿಂತ ಮೂರು ವರ್ಷ ಮೊದಲು, 1969ರ ಫೆಬ್ರವರಿಯಲ್ಲಿ, ಪ್ರೂಯಿಟ್-ಐಗೋ ಸೇರಿದಂತೆ ನಗರದ ಸರ್ಕಾರಿ ವಸತಿಗಳ ಜನ ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಮುಂದೆ ನಿಂತವರಲ್ಲಿ ಕಪ್ಪು ಮಹಿಳೆಯರಿದ್ದರು. ಮುಷ್ಕರ ಸುಮಾರು ಒಂಬತ್ತು ತಿಂಗಳು ನಡೆಯಿತು. ಕೊನೆಗೆ ಬಾಡಿಗೆ ಇಳಿಯಿತು, ಆಡಳಿತದಲ್ಲಿ ಬಾಡಿಗೆದಾರರ ಮಾತಿಗೂ ಜಾಗ ಸಿಕ್ಕಿತು. ಅದೇ ವರ್ಷ ಅಮೆರಿಕದ ಸಂಸತ್ತು, ಸರ್ಕಾರಿ ವಸತಿಯ ಬಾಡಿಗೆ ಕುಟುಂಬದ ಆದಾಯದ ಶೇ. 25ನ್ನು ಮೀರಬಾರದೆಂದು ಕಾನೂನು ಮಾಡಿತು.