ಕೀ ತಿರುಗಿಸಬೇಡಿ ಸ್ವಾಮಿ

ಬೆಂಗಳೂರಿನ ಮಳೆಗೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಮತ್ತೆ ತುಂಬಿದೆ. ವಿಡಿಯೋ ನಿಮಗೂ ಬಂದಿರುತ್ತದೆ. ಪಾರ್ಕಿಂಗಿಗೆಂದು ಲಕ್ಷಗಟ್ಟಲೆ ಎಣಿಸಿ ಕೊಟ್ಟವರಿಗೆ ಈಜುಕೊಳ ಪುಕ್ಕಟೆ. ಬಿಲ್ಡರ್ ಮಹಾಶಯರ ಔದಾರ್ಯಕ್ಕೆ ಒಂದು ನಮಸ್ಕಾರ.

ನೀರು ಇಳಿದೊಡನೆ ನಮ್ಮವರು ಮಾಡುವ ಮೊದಲ ಕೆಲಸ, 'ಸ್ಟಾರ್ಟ್ ಆಗುತ್ತಾ ನೋಡೋಣ' ಅಂತ ಕಾರಿನ ಕೀ ತಿರುಗಿಸುವುದು. ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಾರಿನ ವಿಮಾ ಪಾಲಿಸಿ ಕಾಂಪ್ರಹೆನ್ಸಿವ್ ಆಗಿದ್ದರೆ ಪ್ರವಾಹದ ಹಾನಿಗೆ ಕವರ್ ಇದೆ, ಬರೀ ಥರ್ಡ್ ಪಾರ್ಟಿ ಆಗಿದ್ದರೆ ಬಿಡಿಗಾಸೂ ಇಲ್ಲ. ಆದರೆ ನೀವೇ ಬಾಗಿಸಿದ ರಾಡಿಗೆ 'ಕಾನ್ಸಿಕ್ವೆನ್ಷಿಯಲ್', ಅಂದರೆ ಆಮೇಲೆ ಆದ ಹಾನಿ, ಅಂತ ಬರೆದು ಹಾನಿ ಅಳೆಯಲು ಬಂದ ಸರ್ವೇಯರ್ ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಬೇಕು. ಅದಿದ್ದರೂ, ಮುಳುಗಿದ ಗಾಡಿ ಸ್ಟಾರ್ಟ್ ಮಾಡಿದ್ದಕ್ಕೆ ತಕರಾರು ತೆಗೆಯುವ ಕಂಪನಿಗಳುಂಟು. ಬ್ಯಾಟರಿ ನೆಗೆಟಿವ್ ವೈರ್ ಕಳಚಿ, ಕಂಪನಿಗೆ ಫೋನ್ ಮಾಡಿ, ಟೋ ಮಾಡಿಸಿ. ಸವಕಳಿ ಕಳೆಯದೆ ಕೊಡುವ 'ಝೀರೋ ಡೆಪ್' ಆಡ್-ಆನ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಯ ಬಿಲ್ಲಿನಲ್ಲಿ ಅರ್ಧ ನಿಮ್ಮದೇ.

ಮನೆಗೂ ವಿಮೆ ಇದೆ: 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ. ಪ್ರವಾಹವೂ ಸೇರಿದೆ. ಕಟ್ಟಡದ ವಿಮಾ ಮೊತ್ತದ ಶೇ. 20, ಗರಿಷ್ಠ 10 ಲಕ್ಷದವರೆಗೆ, ಸಾಮಾನಿಗೂ ತಾನಾಗಿ ಕವರ್. ಬಾಡಿಗೆಯವರು ಸಾಮಾನಿಗಷ್ಟೇ ಮಾಡಿಸಬಹುದು. ಗೃಹಸಾಲದ ಜೊತೆ ಬ್ಯಾಂಕಿನವರು ಅಂಟಿಸಿದ ಪಾಲಿಸಿಯನ್ನೊಮ್ಮೆ ತೆಗೆದು ಓದಿ. ಎಷ್ಟೋ ಸಲ ಅದು ಮನೆಯ ವಿಮೆಯಲ್ಲ, ನಿಮ್ಮ ಜೀವದ ವಿಮೆ. ನೀವು ಹೋದರೆ ದುಡ್ಡು ಬರುತ್ತದೆ, ಫ್ರಿಜ್ ಹೋದರೆ ಇಲ್ಲ.

ನೀರನ್ನೇ ಬೈದು ಏನು ಬಂತು? ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ನೀರು ಹಳೇ ವಿಳಾಸ ಹುಡುಕಿಕೊಂಡು ಬರುತ್ತದೆ. ಪಾಪ, ಅದರ ಕೈಲಿ ಎ ಖಾತಾ ಇಲ್ಲ.

ನಿಮ್ಮ ಕೈಲಿ ಮಾತ್ರ ಎಲ್ಲ ದಾಖಲೆ ಇರಬೇಕು. ಕೆಸರು ತೊಳೆಯುವ ಮುಂಚೆ ಗೋಡೆಯ ನೀರಿನ ಗೆರೆಗೆ ಟೇಪ್ ಹಿಡಿದು ಫೋಟೋ, ಫ್ರಿಜ್, ವಾಷಿಂಗ್ ಮೆಷಿನ್‌ಗಳ ಸೀರಿಯಲ್ ನಂಬರ್ ಕಾಣುವಂತೆ ವಿಡಿಯೋ. ಸರ್ವೇಯರ್ ನೋಡುವವರೆಗೆ ಯಾವುದನ್ನೂ ಗುಜರಿಗೆ ಹಾಕಬೇಡಿ. 2024ರ ನಿಯಮದ ಪ್ರಕಾರ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಸಿಕ್ಕ 7 ದಿನದಲ್ಲಿ ತೀರ್ಮಾನ. ಕಂಪನಿಗೆ ಲಿಖಿತ ದೂರು ಕೊಟ್ಟು ತಿಂಗಳಾದರೂ ಉತ್ತರವಿಲ್ಲದಿದ್ದರೆ ಜೆ.ಪಿ. ನಗರದಲ್ಲಿ ಇಂಥ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಡ.

ಇಷ್ಟೆಲ್ಲ ಕಲಿಯುವ ಕರ್ಮ ನಮಗೇಕೆ? 2022ರಲ್ಲಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೇ ನೋಡಿ ನಕ್ಕಿತು. ರಾಜಕಾಲುವೆ ಮೇಲೆ ಪ್ಲಾನ್ ಪಾಸ್ ಮಾಡಿದವರು ಪೆನ್ಷನ್ ಎಣಿಸುತ್ತಿದ್ದಾರೆ. ಮುಳುಗಿದ ಕಾರಿಗೆ ಕ್ಲೇಮ್ ಹಾಕಿದ ತಪ್ಪಿಗೆ ನೋ ಕ್ಲೇಮ್ ಬೋನಸ್ ಸೊನ್ನೆಯಾಗಿ, ಮುಂದಿನ ವರ್ಷದ ಪ್ರೀಮಿಯಂ ಜಾಸ್ತಿ ಕಟ್ಟುವವರು ನೀವು.