ಮೇ ಫ್ಲವರ್ ಗೆಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ: ಒಂದು ಸ್ಪಷ್ಟನೆ

'ಹೂ ಬಾಡಿದ ಕೂಡಲೇ ಎಲೆ ಕತ್ತರಿಸಿ, ಗೆಡ್ಡೆ ಕಿತ್ತು ಫ್ರಿಜ್‌ನಲ್ಲಿಡಿ, ಮುಂದಿನ ವರ್ಷ ದುಪ್ಪಟ್ಟು ಹೂ' ಎಂಬ ಸಂದೇಶ ಚಿಕ್ಕಮಗಳೂರಿನ ಕೈತೋಟದ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು, ಕ್ಷಮಿಸಿ.

ಗೆಡ್ಡೆಯನ್ನು ತಣ್ಣಗಿಡುವ ಕ್ರಮ ಟ್ಯೂಲಿಪ್‌ನಂಥ ಚಳಿನಾಡಿನ ಗಿಡಗಳದ್ದು. ಟ್ಯೂಲಿಪ್‌ಗೆ ಸುಮಾರು 12ರಿಂದ 16 ವಾರ ಚಳಿ ಬೇಕು. ನಮ್ಮ ಹಿತ್ತಲಿನಲ್ಲಿ ಕೆಂಪು ಚೆಂಡಿನಂತೆ ಅರಳುವ ಮೇ ಫ್ಲವರ್ ಮೂಲತಃ ಆಫ್ರಿಕಾದ ಬಿಸಿ ಸೀಮೆಯದು, ಸುಗಂಧರಾಜ ಮೆಕ್ಸಿಕೋದ್ದು. ಇವಕ್ಕೆ ಫ್ರಿಜ್ ಬೇಡವೇ ಬೇಡ.

ಎಲೆಯ ವಿಚಾರ ಇನ್ನೂ ಮುಖ್ಯ. ಮೇ ಫ್ಲವರ್‌ನ ಕೆಂಪು ಚೆಂಡು ಬಾಡಿದ ಮೇಲೆ ಮಳೆಗಾಲವಿಡೀ ನಿಲ್ಲುವ ಆ ಅಗಲ ಎಲೆಗಳೇ ಆಹಾರ ತಯಾರಿಸಿ ಗೆಡ್ಡೆಗೆ ಇಳಿಸುವುದು. ಮುಂದಿನ ಮೇ ತಿಂಗಳ ಹೂ ಅದೇ ದಾಸ್ತಾನಿನಿಂದ ಬರಬೇಕು. ಹೋದ ವರ್ಷ ನಾನು ಒಂದು ಕುಂಡದ ಎಲೆ ಸವರಿದ್ದೆ. ಈ ಸಲ ಅದರಲ್ಲಿ ಬಂದದ್ದು ಎರಡು ಸಣಕಲು ಎಲೆ ಮಾತ್ರ. ಪಕ್ಕದ ಕುಂಡದಲ್ಲಿ ತುಂಬು ಚೆಂಡು ಅರಳಿತ್ತು. ಬಾಡಿದ ಹೂವಿನ ದಂಟನ್ನಷ್ಟೇ ತೆಗೆಯಿರಿ. ಎಲೆ ತಾನಾಗಿ ಹಳದಿಯಾಗಿ ಒಣಗಲಿ, ಆಮೇಲೆ ನೀರು ಕಡಿಮೆ ಮಾಡಿ. ಮಳೆನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಕುಂಡದ ತೂತು ನೋಡಿಕೊಳ್ಳಿ.

ಇನ್ನೊಂದು ಭಯವೂ ಇದೆ. ಮೇ ಫ್ಲವರ್ ಗೆಡ್ಡೆ ನೋಡಲು ಈರುಳ್ಳಿಯಂತೆಯೇ, ಆದರೆ ವಿಷ. ಅಡುಗೆ ತರಕಾರಿಯ ಜೊತೆ ಅದು ಸೇರಲೇಬಾರದು, ಮಕ್ಕಳ ಕೈಗೂ ಸಿಗಬಾರದು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.