ಯಾವ ಮೀನು ಅಂತ ಆಮೇಲೆ ಕೇಳಿ, ಮೊದಲು ನೀರು ನೋಡಿ

ನಿನ್ನೆ ಕೃಷಿ ಮೇಳಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದಿದ್ದೇನೆ. ರಾಗಿ ತಳಿ ನೋಡೋಣ ಎಂದು ಹೋದವನು ಮೀನಿನ ಮಳಿಗೆ ಮುಂದೆ ಸಿಕ್ಕಿಹಾಕಿಕೊಂಡೆ. ಬಯೋಫ್ಲಾಕ್ ಅನ್ನುವ ನೀಲಿ ಟಾರ್ಪಾಲಿನ್ನಿನ ದುಂಡು ತೊಟ್ಟಿ, ಒಳಗೆ ಬುಳುಬುಳು ಗಾಳಿ, ಮೇಲೆ ಲಕ್ಷಗಳ ಲೆಕ್ಕ ಬರೆದ ಬ್ಯಾನರ್. ಜನ ಮುಗಿಬಿದ್ದಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಮೀನಿಗೆ ರೇಟು ಜಾಸ್ತಿ? ಮಳಿಗೆ ಹುಡುಗನ ಉತ್ತರವೂ ರೆಡಿ: "ತಿಲಾಪಿಯಾ ಮರಿ ಬಿಡಿ ಸಾರ್, ಕಣ್ಣು ಮುಚ್ಕೊಂಡು ಬಿಡಿ." ಮರಿ, ಫೀಡು, ಗಾಳಿ ಊದುವ ಏರೇಟರು ಎಲ್ಲಾ ಅವರದೇ ಪ್ಯಾಕೇಜು. ನಿಮ್ಮೂರ ನೀರು ಎಂಥದ್ದು, ವರ್ಷದಲ್ಲಿ ಎಷ್ಟು ತಿಂಗಳು ನಿಲ್ಲುತ್ತದೆ ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಕಾಲಿನ ಅಳತೆ ಕೇಳದೆ ಚಪ್ಪಲಿ ಮಾರಿದ ಹಾಗೆ.

ನಮ್ಮ ಬಯಲುಸೀಮೆ ಕಥೆ ನಿಮಗೆ ಗೊತ್ತೇ ಇದೆ. ಹಿಂಗಾರು ಕೈಹಿಡಿದರೆ ಹೊಂಡ ತುಂಬುತ್ತದೆ, ಶಿವರಾತ್ರಿ ಕಳೆಯುವಷ್ಟರಲ್ಲಿ ತಳ ಕಾಣುತ್ತದೆ. ಇದರಲ್ಲಿ ಕಾಟ್ಲಾ ಮೀನಿನ ಮರಿ ಬಿಟ್ಟರೆ ಅದು ಮಾರುವ ಗಾತ್ರಕ್ಕೆ ಬರುವ ಮುಂಚೆ ನೀರೇ ಖಾಲಿ. ವರ್ಷವಿಡೀ ನೀರು ನಿಲ್ಲುವ ಕೆರೆಯಾದರೆ ಮಾತು ಬೇರೆ. ಅಲ್ಲಿ ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಸಗಣಿ ಗೊಬ್ಬರ ಹಾಕಿದರೆ ಅರ್ಧ ಊಟ ಕೆರೆಯೇ ಕೊಡುತ್ತದೆ. ಆರು ತಿಂಗಳ ನೀರಿಗೆ ಸಾಮಾನ್ಯ ಗೆಂಡೆಯೇ (ಕಾಮನ್ ಕಾರ್ಪ್) ಸರಿ. ಅದಕ್ಕೂ ಒಂದು ತೊಡಕಿದೆ. ನಮ್ಮಲ್ಲಿದ್ದ ಹಳೇ ಗೆಂಡೆ ಬೇಗ ಮೊಟ್ಟೆಗೆ ಬರುತ್ತದೆ. ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ಮೈ ಬೆಳೆಯುವುದಿಲ್ಲ. ಅದಕ್ಕೇ ಹೆಸರಘಟ್ಟದ ಸಂಶೋಧನಾ ಕೇಂದ್ರದವರು ಹಂಗೇರಿಯಿಂದ ಅಮೂರ್ ಗೆಂಡೆ ತಂದು ಇಲ್ಲಿನ ನೀರಲ್ಲಿ ಸಾಕಿ ನೋಡಿದರು. ತಡವಾಗಿ ಮೊಟ್ಟೆಗೆ ಬರುತ್ತದೆ, ಬೇಗ ತೂಕ ಹಿಡಿಯುತ್ತದೆ. ಬೆಂಗಳೂರಿನ ಪಕ್ಕದಲ್ಲೇ ಆದ ಕೆಲಸ. ಮೇಳದಲ್ಲಿ ಅದರ ಹೆಸರೆತ್ತಿದವರಿಲ್ಲ. ಬ್ಯಾನರಿಗೆ ಒಪ್ಪುವ ಮೀನಲ್ಲ ಬಿಡಿ.

ಒಂದು ಗುಟ್ಟು ಹೇಳಿಬಿಡುತ್ತೇನೆ. ಇಷ್ಟೆಲ್ಲ ವಕಾಲತ್ತು ಮಾಡುತ್ತಿರುವ ನನಗೆ ಗೆಂಡೆ ತಿನ್ನುವುದೆಂದರೆ ಅಷ್ಟಕ್ಕಷ್ಟೆ. ಮುಳ್ಳು ಜಾಸ್ತಿ. ತಟ್ಟೆಗೆ ಬಂಗುಡೆಯೇ ಬೇಕು. ಆದರೆ ನಾಲಿಗೆಗೆ ಬೇಕು ಅಂತ ಕಡಲಿನ ಬಂಗುಡೆಯನ್ನು ಹೊಂಡಕ್ಕೆ ಬಿಡೋಕಾಗುತ್ತಾ?

ಈಗ ಯಾರಾದರೂ ಬರುತ್ತೀರಿ: "ಬಯೋಫ್ಲಾಕಿಗೆ ನೀರು ಕಮ್ಮಿ ಸಾಕಲ್ವಾ, ಬಯಲುಸೀಮೆಗೆ ಹೇಳಿ ಮಾಡಿಸಿದ್ದಲ್ವಾ?" ನೀರು ಕಮ್ಮಿ ಸಾಕು, ಒಪ್ಪಿದೆ. ಮೀನಿನ ಗಲೀಜಲ್ಲಿರುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ತಿಂದು ಮೀನಿಗೇ ಮೇವಾಗುವುದು ಜಾಣ ಉಪಾಯ, ಅದನ್ನೂ ಒಪ್ಪಿದೆ. ಆದರೆ ಆ ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕು, ಮೀನಿಗೂ ಬೇಕು. ಹಗಲೂ ರಾತ್ರಿ ಗಾಳಿ ಊದುತ್ತಲೇ ಇರಬೇಕು. ಅಷ್ಟು ಕಿಕ್ಕಿರಿದ ತೊಟ್ಟಿಯಲ್ಲಿ ಕರೆಂಟು ಹೋಗಿ ಗಂಟೆ ಕಳೆಯುವುದರೊಳಗೆ ಮೀನು ಬಾಯಿ ಮೇಲೆತ್ತಿ ಒದ್ದಾಡುತ್ತವೆ. ನಮ್ಮೂರ ಕರೆಂಟಿನ ಬಗ್ಗೆ ನಾನು ಬರೆಯಬೇಕಾ? ಜನರೇಟರು ಇಟ್ಟರೆ ಲಾಭವನ್ನು ಡೀಸೆಲ್ ಕುಡಿಯುತ್ತದೆ. ಕೇಂದ್ರ ಸರ್ಕಾರದ 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಬ್ಸಿಡಿ ಇಟ್ಟರು, ಸಂತೋಷ. ಅದು ತೊಟ್ಟಿ ಕಟ್ಟೋಕೆ. ತಿಂಗಳು ತಿಂಗಳು ಬರುವ ಕರೆಂಟು ಬಿಲ್ಲಿಗಲ್ಲ.

ನೀರು ನೋಡಿ ಸಾಕುವುದು ಹೇಗೆ ಅಂತ ತಿಳಿಯಬೇಕಾದರೆ ಕುಮಟಾ ಕಡೆ ಹೋಗಿ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ; ಅಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ. ಉಪ್ಪನ್ನೂ ತಡೆಯುತ್ತದೆ, ನೆರೆಯನ್ನೂ ತಡೆಯುತ್ತದೆ. ಕೊಯ್ಲಾದ ಮೇಲೆ ತೂಬಿನ ಬಾಗಿಲೆತ್ತಿ ಉಬ್ಬರದ ನೀರು ಒಳಗೆ ಬಿಡುತ್ತಾರೆ. ಸಿಗಡಿ ಮರಿ ತಾವಾಗಿಯೇ ಬರುತ್ತವೆ. ಕೊಳೆತ ಕೂಳೆಯಿಂದಲೇ ಅವುಗಳ ಹೊಟ್ಟೆಪಾಡು. ಫೀಡಿಲ್ಲ, ಏರೇಟರಿಲ್ಲ. ತೊಂಬತ್ತರ ದಶಕದಲ್ಲಿ ಟೈಗರ್ ಸಿಗಡಿಯ ಹುಚ್ಚು ಹಿಡಿಯಿತು. ಕಂಡಕಂಡಲ್ಲಿ ಕೊಳ, ಒತ್ತೊತ್ತಾಗಿ ಮರಿ. ಹಿಂದೆಯೇ ಬಿಳಿ ಚುಕ್ಕೆ ರೋಗ ಬಂದು ದೇಶದ ಕರಾವಳಿಯುದ್ದಕ್ಕೂ ಕೊಳಗಳನ್ನು ಖಾಲಿ ಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೊಳಗಳನ್ನು ತೆರವು ಮಾಡಿ ಎಂದಾಗಲೂ ಸಾಂಪ್ರದಾಯಿಕ ಪದ್ಧತಿಯ ತಂಟೆಗೆ ಹೋಗಲಿಲ್ಲ. ಗಜನಿಯವರಿಗೆ ಯಾವ ಮಳಿಗೆಯವನೂ ಪ್ಯಾಕೇಜು ಕೊಟ್ಟಿರಲಿಲ್ಲ ನೋಡಿ.

ಮೇಳದಲ್ಲಿ ಒಬ್ಬ ಮಹಾಶಯರು ನನ್ನ ಪಕ್ಕದಲ್ಲೇ ನಿಂತು "ಆಫ್ರಿಕನ್ ಕ್ಯಾಟ್‌ಫಿಶ್ ಸಿಗುತ್ತಾ?" ಎಂದು ಮೆಲ್ಲಗೆ ಕೇಳಿದರು. ಸ್ವಾಮಿ, ಅದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಕೋಳಿ ಅಂಗಡಿ ಕಸ ಹಾಕಿದರೂ ಬೆಳೆಯುತ್ತದೆ, ಅದೇ ಅದರ ಆಕರ್ಷಣೆ. ಒಂದು ಮಳೆಗೆ ಹೊಂಡ ಉಕ್ಕಿ ಅದು ಕೆರೆ ಸೇರಿತೋ, ಕೆರೆಯ ಸಣ್ಣ ಮೀನಿಗೆಲ್ಲ ಅದೇ ಯಮ. ಹುಡುಗ ಇಲ್ಲ ಅನ್ನಲಿಲ್ಲ. "ಫೋನ್ ಮಾಡಿ ಸಾರ್" ಎಂದ.

ನನಗೆ ಬೈಯುವವರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಜೊತೆಗೆ ನಿಮ್ಮ ಹೊಂಡದಲ್ಲಿ ಎಷ್ಟು ತಿಂಗಳು ನೀರಿರುತ್ತದೆ, ರಾತ್ರಿ ಎಷ್ಟು ಹೊತ್ತು ಕರೆಂಟು ಇರುತ್ತದೆ, ಅದನ್ನೂ ಬರೆಯಿರಿ. ಮಳಿಗೆಗೆ ಅಡ್ವಾನ್ಸ್ ಕೊಟ್ಟು ಬಂದವರು ಮೊದಲು ಬರೆಯಿರಿ.